ಎರಡಡಿ ಕಡಲು

ನೀರಿನಿಂದ ಉಪ್ಪು ತೆಗೆಯುವುದು ನನ್ನ ಕೆಲಸ.
ಹನ್ನೊಂದು ವರ್ಷದಿಂದ ಕಂಡವರ ಅಡುಗೆಕಟ್ಟೆಯ ಮೇಲೆ
ಫಿಲ್ಟರು ಬಿಚ್ಚಿ, ಮೆಂಬ್ರೇನು ಬದಲಿಸಿ,
ಬೋರ್‌ವೆಲ್ ನೀರಿಗೆ ಮೀಟರು ಅದ್ದಿ ತೋರಿಸುತ್ತೇನೆ:
"ನೋಡಿ ಮೇಡಂ, ಒಂಬೈನೂರಿತ್ತು, ಈಗ ನಲವತ್ತು."
ಅಂಥವನು ಈ ಆಷಾಢದಲ್ಲಿ
ನೀರಿಗೆ ಉಪ್ಪು ಹಾಕಲು ಕೂತೆ.

ಗಾಜಿನ ತೊಟ್ಟಿ ಮುಚ್ಚಿಹೋದ ಕ್ಲಿನಿಕ್ಕಿನದು.
ಗೋಲ್ಡ್‌ಫಿಷ್ ಸತ್ತ ಮೇಲೆ ಡಾಕ್ಟರು ಅದರಲ್ಲಿ
ಯಾರೂ ಕೇಳಿಕೊಂಡು ಬರದ ಎಕ್ಸ್‌ರೇಗಳನ್ನು ಇಟ್ಟಿದ್ದರು.
ಆರುನೂರು ಅಂದರು. ಅವರ ಮನೆಯ ಪಂಪು ರಿಪೇರಿಯಲ್ಲಿ
ವಜಾ ಮಾಡಿಕೊಂಡೆ.
ಮೂಲೆಗಳಿಗೆ ಸಿಲಿಕೋನು ಮೆತ್ತಿ, ತಾರಸಿಯ ಮೇಲೆ
ಹಳೇ ಪೇಪರು ಹಾಸಿ, ಎರಡು ದಿನ ನೀರು ನಿಲ್ಲಿಸಿದೆ.
ಪೇಪರು ಒಣಗಿಯೇ ಇತ್ತು.

ಉಪ್ಪಿನ ಚೀಲ ಇಪ್ಪತ್ತು ಕಿಲೋದ್ದು, ಬೆಲೆ ಕೇಳಿ ಸುಮ್ಮನಾದೆ.
ಶಿವಾಜಿನಗರದ ಝಕಾವುಲ್ಲಾ ನನ್ನ ಮುಖ ನೋಡಿ
ಚೀಲದ ಬಾಯಿ ಬಿಚ್ಚಿ, ತಕ್ಕಡಿ ಎಳೆದುಕೊಂಡ.
ಅರವತ್ತು ಲೀಟರಿಗೆ
ಎರಡು ಕಿಲೋ ನೂರು ಗ್ರಾಂ ಕಡಲು.

"ಅಂಗಡಿ ಉಪ್ಪಾದ್ರೆ ಇಪ್ಪತ್ತೈದು ರೂಪಾಯಿ" ಅಂದಳು ಚಂದ್ರಿಕಾ.
ಹೌದು. ಆದರೆ ಇದರಲ್ಲಿ ಸುಣ್ಣ ಇದೆ, ಮೆಗ್ನೀಷಿಯಂ ಇದೆ,
ನಾನು ಮನೆಮನೆಯಿಂದ ಸೋಸಿ ಚರಂಡಿಗೆ ಬಿಟ್ಟಿದ್ದೆಲ್ಲ
ಕಾಸು ಕೊಟ್ಟು ವಾಪಸು ತಂದಿದ್ದೇನೆ.
ಅವಳು ನಗಲಿಲ್ಲ. ಸೌಟು ಕೊಟ್ಟಳು, ಕಲಕಲಿಕ್ಕೆ.

ನೀರು ಹದಕ್ಕೆ ಬರಬೇಕಾದರೆ
ಮೊದಲು ಅದರಲ್ಲಿ ಏನಾದರೂ ಕೊಳೆಯಬೇಕಂತೆ.
ಒಂದೇ ಒಂದು ಸೀಗಡಿ, ಮಗಳ ಹರಿದ ಕಾಲುಚೀಲದಲ್ಲಿ ಕಟ್ಟಿ
ಒಣಗಲ್ಲುಗಳ ಹಿಂದೆ ಇಳಿಬಿಟ್ಟೆ.
ಬಾಡಿಗೆ ಕರಾರಿನ ನಾಲ್ಕನೇ ಸಾಲು: ಮಾಂಸಾಹಾರ ನಿಷಿದ್ಧ.
ಕೆಳಗೆ ಪಂಕಜಮ್ಮ, ಮೇಲೆ ನಾವು, ನಡುವೆ ಊದಿನಕಡ್ಡಿ.
ವಾರಕ್ಕೆ ಮೂರು ಕಟ್ಟು ಉರಿಸಿದೆವು.
"ಏನು ಇಷ್ಟೊಂದು ಭಕ್ತಿ?" ಅಂದರು ಪಂಕಜಮ್ಮ,
ಮೆಟ್ಟಿಲ ಬುಡದಲ್ಲಿ ಮೂಗು ಎತ್ತಿ.

ಐದು ವಾರ ಖಾಲಿ ನೀರಿಗೆ ದೀಪ ಹಾಕಿ ಕೂತೆವು.
ರಾತ್ರಿ ಪರೀಕ್ಷೆಯ ಸೀಸೆ ಅಲುಗಿಸಿದರೆ ಹಸಿರು.
ಮರುದಿನವೂ ಹಸಿರು.
ಕಲ್ಲಿನ ಮೇಲೆ ಕಂದು ಧೂಳು ಕೂತಿತು, ಅದೂ ಹೋಯಿತು.
ಎರಡು ಸಲ ಹೋದೆ, ಎರಡು ಸಲವೂ ಝಕಾವುಲ್ಲಾ ಮೀನು ಕೊಡಲಿಲ್ಲ.
"ಕಾಸು ಜೇಬಲ್ಲೇ ಇರ್ಲಿ ಸಾಬ್, ನೀರು ಇನ್ನೂ ಹಸಿ."
ಕೊಡದೆ ಇರುವ ವ್ಯಾಪಾರಿಯನ್ನು
ನಾನು ಈ ಊರಲ್ಲಿ ಮೊದಲ ಸಲ ಕಂಡೆ.

ಆಮೇಲೊಂದು ಗುರುವಾರ, ಹಳದಿ.

ಎಂ.ಜಿ. ರೋಡ್ ಮೆಟ್ರೋದಲ್ಲಿ ಚೀಲದ ನೀರು ಕಂಡು
ಕಾವಲಿನ ಹುಡುಗಿ ತಡೆದಳು.
"ಏನ್ರೀ ಇದು?"
ಮೀನು.
"ಜೀವ ಐತೇನ್ರೀ?"
ಹೆಬ್ಬೆರಳಷ್ಟು, ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟಿ.
ಅವಳು ಒಮ್ಮೆ ಯಂತ್ರದ ಬಾಯಿ ನೋಡಿದಳು,
ಒಮ್ಮೆ ಮೀನಿನ ಬಾಯಿ.
ಆಮೇಲೆ ಎರಡೂ ಕೈಯಲ್ಲಿ ಎತ್ತಿಕೊಂಡು
ಯಂತ್ರ ಬಳಸಿ ನಡೆದು, ಆಚೆ ಬದಿ ನನಗೆ ಕೊಟ್ಟಳು.
ಹಿಂದೆ ಸಾಲು ಬೆಳೆದಿತ್ತು. ಯಾರೂ ಗೊಣಗಲಿಲ್ಲ.

ಈಗ ಸಂಜೆಯ ಹೊತ್ತು ಪಂಕಜಮ್ಮ ಮೇಲೆ ಬರುತ್ತಾರೆ,
ಮಂಡಿ ನೋವು ಅಂತ ತಾರಸಿಗೂ ಹತ್ತದವರು.
ಕಡಲು ನೋಡಿಲ್ಲವಂತೆ. ರಾಮೇಶ್ವರಕ್ಕೆ ಎರಡು ಸಲ
ಟಿಕೀಟು ಮಾಡಿಸಿ ಎರಡು ಸಲ ರದ್ದು.
ಮೊನ್ನೆ ನಾನು ವೈರು ಸುತ್ತುತ್ತಿದ್ದಾಗ
ತೊಟ್ಟಿಯಲ್ಲಿ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು,
ಸಾರು ನೋಡುವ ಹಾಗೆ.
ಸೀಗಡಿಯ ನೆನಪಾಗಿ ನನ್ನ ಎದೆ ಧಸಕ್ ಅಂದಿತು.

"ಉಪ್ಪು ಒಂದು ಚೂರು ಮುಂದಾಯ್ತು" ಅಂದರು.

ಅವರು ಇಳಿದ ಮೇಲೆ ಮಾಪಕ ತೇಲಿಬಿಟ್ಟೆ.
ನಿಜ. ಮೂರು ದಿನದ ಬಿಸಿಲಿಗೆ ನೀರು ಆರಿತ್ತು,
ಉಪ್ಪು ಎಲ್ಲಿಗೂ ಹೋಗಿರಲಿಲ್ಲ.
ಒಂದು ಚೆಂಬು ಸಿಹಿನೀರು ಸುರಿದೆ, ನಿಧಾನವಾಗಿ,
ಮೀನು ಬಂದು ಚೆಂಬಿನ ನೆರಳ ಕೆಳಗೆ ನಿಂತಿತು.